ಮುಂದೆ ರೇಡಿಯಲ್, ಹಿಂದೆ ನೈಲಾನ್ ಟೈರ್: ಹೀಗೆ ಬೆರೆಸಿ ಓಡಿಸಬಹುದೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1986ರ ಅಂಬಾಸಿಡರ್ ಮಾರ್ಕ್ 4 ಇದೆ. ತಂದೆಯವರು ಕೊಂಡ ಗಾಡಿ, ಈಗಲೂ ಅವರೇ ಓಡಿಸುತ್ತಾರೆ. ನಾಲ್ಕು ಚಕ್ರಗಳಲ್ಲೂ 5.90-15 ಅಳತೆಯ, ಟ್ಯೂಬ್ ಇರುವ ನೈಲಾನ್ ಟೈರುಗಳಿವೆ. ಮುಂದಿನ ಎರಡರ ಗ್ರಿಪ್ ಸವೆದು ಹೋಗಿದೆ, ಹಿಂದಿನ ಎರಡು ಇನ್ನೂ ಚೆನ್ನಾಗಿವೆ.

ಶಿವಮೊಗ್ಗದ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, ಕಾರಿನ ನೈಲಾನ್ ಟೈರು ಈಗ ಸುಲಭವಾಗಿ ಸಿಗುವುದಿಲ್ಲ, ಎರಡು ರೇಡಿಯಲ್ ತೆಗೆದುಕೊಂಡು ಮುಂದಕ್ಕೆ ಹಾಕಿಸಿಕೊಳ್ಳಿ, ಹಿಂದಿನವು ಸವೆದ ಮೇಲೆ ಅವನ್ನೂ ಬದಲಿಸಿದರಾಯಿತು ಎಂದರು. ತಂದೆಯವರು ಇದಕ್ಕೆ ಒಪ್ಪುತ್ತಿಲ್ಲ. ರೇಡಿಯಲ್ ಹಾಕುವುದಾದರೆ ಹಿಂದಕ್ಕೆ ಹಾಕು, ಇಲ್ಲವಾದರೆ ಹಾಕಲೇಬೇಡ ಎನ್ನುತ್ತಾರೆ. ಕಾರಣ ಕೇಳಿದರೆ, ಹಿಂದಿನವರು ಹಾಗೆ ಹೇಳುತ್ತಿದ್ದರು ಎಂಬುದಷ್ಟೇ ಉತ್ತರ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವ ಗಾಡಿಯಾದ್ದರಿಂದ ಇಬ್ಬರಲ್ಲಿ ಯಾರ ಮಾತು ಸರಿ ಎಂದು ತಿಳಿದೇ ಮುಂದುವರಿಯಬೇಕೆಂದಿದ್ದೇನೆ. ಬಲ್ಲವರು ದಯವಿಟ್ಟು ಕಾರಣಸಹಿತ ತಿಳಿಸಿ.

ಹಳೇಗಾಡಿ

ನಿಮ್ಮ ತಂದೆಯವರ ಮಾತು ಸರಿ.

ಹಾಸನದ ಟೈರ್ ಅಂಗಡಿ

ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ, ಸ್ವಾಮಿ. ಈ ವ್ಯಾಪಾರದಲ್ಲಿ ಬಹಳ ವರ್ಷಗಳಿಂದ ಇರುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬಂದು, ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಟೈರುಗಳ ಮೇಲೆ ಬೀಳುತ್ತದೆ. ಮುಂದಿನ ಟೈರು ಸಿಡಿದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋದಂತಾಗುತ್ತದೆ. ಹೀಗಿರುವಾಗ ಒಳ್ಳೆಯ ಟೈರು ಮುಂದಿರಬೇಕೆಂದು ಗ್ರಾಹಕರು ಕೇಳುವುದರಲ್ಲಿ ತಪ್ಪೇನಿದೆ? ನಮ್ಮ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಹಾಗೆಯೇ ಹಾಕಿಸಿಕೊಂಡು ಹೋಗುತ್ತಾರೆ, ಯಾರೂ ತಿರುಗಿ ಬಂದು ದೂರು ಹೇಳಿಲ್ಲ.

ಬೋಧಕ

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಾಗಿ ಕಲೆತಿವೆ. ಒಂದು, ಟೈರಿನ ರಚನೆಯೇ ಬೇರೆಯಾದಾಗ ಯಾವುದು ಎಲ್ಲಿರಬೇಕು ಎಂಬುದು. ಇನ್ನೊಂದು, ರಚನೆ ಒಂದೇ ಆಗಿದ್ದು ಸವೆತ ಮಾತ್ರ ಹೆಚ್ಚುಕಡಿಮೆ ಇದ್ದಾಗ ಹೊಸದು ಎಲ್ಲಿರಬೇಕು ಎಂಬುದು. ಮೊದಲು ರಚನೆಯ ವಿಷಯ.

ನಾವು ರೂಢಿಯಲ್ಲಿ ನೈಲಾನ್ ಎನ್ನುವ ಟೈರು ಕ್ರಾಸ್-ಪ್ಲೈ ಟೈರು. ಅದರ ಒಳಗಿನ ದಾರಗಳ ಪದರಗಳು ಚಾಪೆಯ ಹೆಣಿಗೆಯಂತೆ ಓರೆಯಾಗಿ, ಸುಮಾರು 30ರಿಂದ 40 ಡಿಗ್ರಿ ಕೋನದಲ್ಲಿ, ಒಂದರ ಮೇಲೊಂದು ಅಡ್ಡ ಹಾಯ್ದಿರುತ್ತವೆ. ಪಕ್ಕದ ಗೋಡೆಯೂ ನೆಲಕ್ಕೆ ತಾಗುವ ಭಾಗವೂ ಒಂದೇ ಮೈಯಾಗಿರುವುದರಿಂದ ಒಂದು ಬಾಗಿದರೆ ಇನ್ನೊಂದೂ ಜೊತೆಗೆ ತಿರುಚಿಕೊಳ್ಳುತ್ತದೆ. ರೇಡಿಯಲ್‌ನಲ್ಲಿ ಮೈಯ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ, ಚಲನೆಯ ದಿಕ್ಕಿಗೆ 90 ಡಿಗ್ರಿಯಲ್ಲಿ ಹೋಗುತ್ತವೆ. ಅವುಗಳ ಮೇಲೆ, ನೆಲ ಮುಟ್ಟುವ ಭಾಗದ ಅಡಿಯಲ್ಲಿ, ಉಕ್ಕಿನ ತಂತಿಯ ಪಟ್ಟಿ ಸುತ್ತಿರುತ್ತದೆ. ಹಾಗಾಗಿ ಪಕ್ಕದ ಗೋಡೆ ಎಷ್ಟೇ ಬಾಗಿದರೂ ನೆಲಕ್ಕೆ ತಾಗಿದ ಭಾಗ ಹೆಚ್ಚು ಅಲುಗಾಡದೆ ಕೂತಿರುತ್ತದೆ. ಮಿಷಲಿನ್ ಕಂಪನಿಯು ಈ ರಚನೆಗೆ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದಿತು.

ತಿರುವಿನಲ್ಲಿ ಯಾವ ಟೈರೂ ತಾನು ನೋಡುತ್ತಿರುವ ದಿಕ್ಕಿಗೇ ಸರಿಯಾಗಿ ಉರುಳುವುದಿಲ್ಲ. ಸ್ವಲ್ಪ ಓರೆಯಾಗಿ ಉರುಳಿದಾಗಲೇ ಅದರಿಂದ ಪಕ್ಕದ ಬಲ ಹುಟ್ಟುತ್ತದೆ. ಈ ಓರೆಯ ಅಳತೆಗೆ ಸ್ಲಿಪ್ ಆ್ಯಂಗಲ್ ಎನ್ನುತ್ತಾರೆ. ಅಷ್ಟೇ ಪಕ್ಕದ ಬಲ ಹುಟ್ಟಿಸಲು ರೇಡಿಯಲ್‌ಗೆ ಕಡಿಮೆ ಓರೆ ಸಾಕು, ಕ್ರಾಸ್-ಪ್ಲೈಗೆ ಹೆಚ್ಚು ಬೇಕು. ಈಗ ಮುಂದೆ ರೇಡಿಯಲ್, ಹಿಂದೆ ಕ್ರಾಸ್-ಪ್ಲೈ ಇರುವ ಗಾಡಿಯನ್ನು ತಿರುವಿಗೆ ತಿರುಗಿಸಿ ನೋಡಿ. ಮುಂಭಾಗ ತಕ್ಷಣ ಕಚ್ಚಿ ಒಳಕ್ಕೆ ತಿರುಗುತ್ತದೆ. ಹಿಂಭಾಗ ಅಷ್ಟೇ ಬಲ ಕೊಡಬೇಕಾದರೆ ಹೊರಕ್ಕೆ ಇನ್ನಷ್ಟು ಓರೆಯಾಗಬೇಕಾಗುತ್ತದೆ. ಹಿಂಭಾಗ ಹೊರಕ್ಕೆ ಹೋದಷ್ಟೂ ಗಾಡಿಯ ಮೂತಿ ತಿರುವಿನ ಒಳಕ್ಕೆ ಇನ್ನೂ ಹೆಚ್ಚು ತಿರುಗಿ, ಚಾಲಕ ಕೇಳಿದ್ದಕ್ಕಿಂತ ಬಿಗಿಯಾದ ತಿರುವನ್ನು ಗಾಡಿ ತಾನಾಗಿಯೇ ತೆಗೆದುಕೊಳ್ಳುತ್ತದೆ. ಇದು ಓವರ್‌ಸ್ಟಿಯರ್. ಒದ್ದೆ ರಸ್ತೆಯಲ್ಲಿ ಇದೇ ಮುಂದುವರಿದರೆ ಗಾಡಿ ಸುತ್ತು ತಿರುಗಿ ನಿಲ್ಲುತ್ತದೆ. ಹಿಂದೆ ರೇಡಿಯಲ್, ಮುಂದೆ ಕ್ರಾಸ್-ಪ್ಲೈ ಇದ್ದರೆ ಇದರ ತದ್ವಿರುದ್ಧ: ಮೂತಿ ಸ್ವಲ್ಪ ಹೊರಕ್ಕೆ ಎಳೆಯುತ್ತದೆ, ಚಾಲಕ ಸಹಜವಾಗಿಯೇ ಎಕ್ಸಲರೇಟರ್ ಬಿಟ್ಟು ಸ್ಟೀರಿಂಗ್ ಇನ್ನಷ್ಟು ತಿರುಗಿಸುತ್ತಾನೆ, ಬಹುತೇಕ ಗಾಡಿ ಮಾತು ಕೇಳುತ್ತದೆ.

ಆದ್ದರಿಂದ ಬೆರೆಸಲೇಬೇಕಾದರೆ ರೇಡಿಯಲ್ ಹಿಂದಿರಬೇಕು. ಒಂದೇ ಆ್ಯಕ್ಸಲ್ಲಿನ ಎಡಕ್ಕೊಂದು ಬಲಕ್ಕೊಂದು ಬಗೆ ಯಾವ ಕಾರಣಕ್ಕೂ ಕೂಡದು.

ತುಂಗಾತೀರ

ಬಹಳ ಧನ್ಯವಾದಗಳು, ಸರ್. ಈ ವಿವರಣೆಯನ್ನು ತಂದೆಯವರಿಗೆ ಓದಿ ಹೇಳಿದೆ. ಅವರ ಇನ್ನೊಂದು ಪ್ರಶ್ನೆ ಇದೆ. ಅಂಬಾಸಿಡರ್‌ನಲ್ಲಿ ಎಂಜಿನ್ ಮುಂದಿದ್ದು ಎಳೆಯುವುದು ಹಿಂದಿನ ಚಕ್ರ, ಮುಂದಿನ ಚಕ್ರವೇ ಎಳೆಯುವ ಈಗಿನ ಕಾರುಗಳಿಗೂ ಇದೇ ನಿಯಮವೇ ಎಂದು ಕೇಳುತ್ತಿದ್ದಾರೆ.

ಘಾಟಿದಾರಿ

ಇದೇ ನಿಯಮ. ನಮ್ಮ ಭಾವನವರ ಸಣ್ಣ ಕಾರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಮುಂದಿನ ಚಕ್ರ ಎಳೆಯುವ ಗಾಡಿ, ನಾಲ್ಕೂ ರೇಡಿಯಲ್. ಮುಂದಿನ ಎರಡು ಹೊಸದು, ಹಿಂದಿನ ಎರಡು ಬಹುಮಟ್ಟಿಗೆ ಬೋಳಾಗಿದ್ದವು. ಜುಲೈ ತಿಂಗಳ ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಕಾಣಿಸಿತೆಂದು ಎಕ್ಸಲರೇಟರ್‌ನಿಂದ ಕಾಲು ತೆಗೆದರು, ಅಷ್ಟೇ. ಹಿಂಭಾಗ ಸರಿದು ಕಾರು ಬಂದ ದಾರಿಗೆ ಮುಖ ಮಾಡಿ ನಿಂತಿತು. ವೇಗ ಕಡಿಮೆ ಇದ್ದುದರಿಂದಲೂ ಬಸ್ಸಿನ ಚಾಲಕರು ಜಾಣತನದಿಂದ ನಿಲ್ಲಿಸಿದ್ದರಿಂದಲೂ ಯಾರಿಗೂ ಏನೂ ಆಗಲಿಲ್ಲ. ಮುಂದಿನ ಟೈರುಗಳು ಹೊಸದಾಗಿದ್ದುದರಿಂದ ಆ ಕ್ಷಣದವರೆಗೂ ಸ್ಟೀರಿಂಗ್‌ನಲ್ಲಿ ಯಾವ ಎಚ್ಚರಿಕೆಯೂ ಸಿಗಲಿಲ್ಲವೆಂದು ಅವರು ಇಂದಿಗೂ ಹೇಳುತ್ತಾರೆ.

ಟೈರು ಅಂಗಡಿಯವರು ದೂರು ಬಂದಿಲ್ಲ ಎನ್ನುತ್ತಾರೆ. ಇಂತಹ ಘಟನೆ ಆದಾಗ ಜನರು ರಸ್ತೆಯನ್ನೂ ಮಳೆಯನ್ನೂ ದೂರುತ್ತಾರೆಯೇ ಹೊರತು ಟೈರು ಜೋಡಿಸಿದ ಕ್ರಮವನ್ನು ಯಾರು ನೆನೆಯುತ್ತಾರೆ?

ಹಾಸನದ ಟೈರ್ ಅಂಗಡಿ

ನಿಮ್ಮ ಭಾವನವರ ಹಿಂದಿನ ಟೈರು ಬೋಳಾಗಿದ್ದೇ ತಪ್ಪು. ಅದಕ್ಕೆ ಮುಂದಿನ ಹೊಸ ಟೈರನ್ನು ಏಕೆ ಗುರಿ ಮಾಡುತ್ತೀರಿ? ಬೋಳು ಟೈರನ್ನು ಮುಂದಕ್ಕೆ ತಂದಿದ್ದರೆ ಬ್ರೇಕ್ ಹಿಡಿದಾಗ ಗಾಡಿ ನೇರವಾಗಿ ಜಾರಿ ಬಸ್ಸಿಗೇ ಹೊಡೆಯುತ್ತಿರಲಿಲ್ಲವೇ?

ಬೋಧಕ

ಇದು ನ್ಯಾಯವಾದ ಆಕ್ಷೇಪ. ಬೋಳು ಟೈರು ಮುಂದಿದ್ದರೂ ಅಪಾಯವೇ, ನಿಲ್ಲುವ ದೂರ ಹೆಚ್ಚುತ್ತದೆ. ಹಾಗಾಗಿ ‘ಹೊಸದು ಹಿಂದಕ್ಕೆ’ ಎಂಬ ಮಾತಿಗೆ, ಉಳಿದ ಎರಡು ಟೈರುಗಳಲ್ಲೂ ಓಡಿಸಲು ಯೋಗ್ಯವಾದ ಗ್ರಿಪ್ ಉಳಿದಿರಬೇಕು ಎಂಬ ಷರತ್ತು ಅಂಟಿಕೊಂಡೇ ಇದೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಾರುಗಳಿಗೆ ಕನಿಷ್ಠ 1.6 ಮಿ.ಮೀ., ದ್ವಿಚಕ್ರ ಮತ್ತು ತ್ರಿಚಕ್ರಗಳಿಗೆ 0.8 ಮಿ.ಮೀ. ಆಳ ಹೇಳಿದೆ. ಟೈರಿನ ತೋಡುಗಳ ತಳದಲ್ಲಿ ಸಣ್ಣ ಅಡ್ಡ ಉಬ್ಬುಗಳಿರುತ್ತವೆ, ಪಕ್ಕದ ಗೋಡೆಯಲ್ಲಿ ಅವುಗಳ ನೇರಕ್ಕೆ ಟಿಡಬ್ಲ್ಯೂಐ ಎಂಬ ಅಕ್ಷರಗಳೋ ತ್ರಿಕೋನದ ಗುರುತೋ ಇರುತ್ತದೆ. ಸವೆದ ಮೈ ಆ ಉಬ್ಬಿಗೆ ಸಮವಾದರೆ ಟೈರಿನ ಆಯುಸ್ಸು ಮುಗಿಯಿತು. ಘಾಟಿಯ ಮಳೆಗೆ 1.6 ಮಿ.ಮೀ. ಸಾಲದು ಎಂಬುದು ನನ್ನ ಸ್ವಂತ ಅಭಿಪ್ರಾಯ. 3 ಮಿ.ಮೀ.ಗೆ ಇಳಿದಾಗಲೇ ಬದಲಿಸುವ ಯೋಚನೆ ಮಾಡಬೇಕು.

ಮುಂದಿನ ಹಿಡಿತ ತಪ್ಪಿದರೆ ಗಾಡಿ ನೇರಕ್ಕೆ ಜಾರುತ್ತದೆ. ವೇಗ ಇಳಿಸಿದರೆ ಹಿಡಿತ ಮರಳುತ್ತದೆ, ಇದಕ್ಕೆ ವಿಶೇಷ ತರಬೇತಿ ಬೇಡ. ಹಿಂದಿನ ಹಿಡಿತ ತಪ್ಪಿದಾಗ ಎಕ್ಸಲರೇಟರ್ ಬಿಟ್ಟರೆ ಭಾರ ಇನ್ನಷ್ಟು ಮುಂದಕ್ಕೆ ಸರಿದು ಹಿಂದಿನ ಚಕ್ರ ಮತ್ತಷ್ಟು ಹಗುರಾಗುತ್ತದೆ. ಸಹಜವಾಗಿ ಮಾಡುವ ಕೆಲಸವೇ ಕೆಡುಕನ್ನು ಹೆಚ್ಚಿಸುತ್ತದೆ. ಎದುರು ದಿಕ್ಕಿಗೆ ಸ್ಟೀರಿಂಗ್ ತಿರುಗಿಸಿ ಸಮಯಕ್ಕೆ ಸರಿಯಾಗಿ ಮರಳಿ ತರುವ ಕೌಶಲ ನಮ್ಮಲ್ಲಿ ಎಷ್ಟು ಜನರಿಗಿದೆ? ಎಳೆಯುವುದು ಯಾವ ಚಕ್ರವಾದರೂ ಈ ಮಾತು ಬದಲಾಗುವುದಿಲ್ಲ.

ಲಾರಿಮಾಲೀಕ

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಮ್ಮ ಲಾರಿಗಳಲ್ಲಿ ಹೊಸ ಟೈರು ಯಾವಾಗಲೂ ಮುಂದಕ್ಕೆ. ಅದು ಸವೆದರೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ರಿಸೋಲ್ ಮಾಡಿಸಿ, ಅಂದರೆ ಸವೆದ ಮೈಗೆ ಹೊಸ ರಬ್ಬರು ಕೂರಿಸಿ, ಮತ್ತೆ ಹಿಂದಕ್ಕೇ ಹಾಕುತ್ತೇವೆ. ರಿಸೋಲ್ ಟೈರನ್ನು ಮುಂದೆ ಹಾಕಿದ ಲಾರಿಯನ್ನು ಅನುಭವವಿರುವ ಚಾಲಕ ಹತ್ತುವುದೇ ಇಲ್ಲ. ಬಗೆಯಲ್ಲೂ ವ್ಯತ್ಯಾಸವಿದೆ: ಮುಂದೆ ಉದ್ದುದ್ದ ಗೆರೆಯ ರಿಬ್ ಟೈರು, ಹಿಂದೆ ಅಡ್ಡ ಕಟ್ಟಿನ ಲಗ್ ಟೈರು. ಎಷ್ಟೋ ಕಾಲದಿಂದ ಹೀಗೆ ಬೆರೆಸಿಯೇ ಓಡಿಸುತ್ತಿದ್ದೇವಲ್ಲ, ನೀವೆಲ್ಲ ಬೆರೆಸುವುದೇ ತಪ್ಪು ಎನ್ನುತ್ತೀರಿ!

ಘಾಟಿದಾರಿ

ಅಣ್ಣಾ, ಲಾರಿಯ ನಿಯಮವನ್ನು ಕಾರಿಗೆ ತರಬೇಡಿ.

ಲಾರಿಮಾಲೀಕ

ಏಕೆ ತರಬಾರದು ಎಂದು ಹೇಳಿದರೆ ಕೇಳುತ್ತೇನೆ. ರಸ್ತೆ ಒಂದೇ, ಮಳೆ ಒಂದೇ, ರಬ್ಬರೂ ಒಂದೇ.

ಬೋಧಕ

ಲಾರಿಮಾಲೀಕರ ಪದ್ಧತಿ ಅವರ ಗಾಡಿಗೆ ಸರಿಯಾಗಿಯೇ ಇದೆ. ಲಾರಿಯ ಹಿಂದಿನ ಆ್ಯಕ್ಸಲ್ಲಿನ ಪ್ರತಿ ಬದಿಯಲ್ಲೂ ಜೋಡಿ ಟೈರುಗಳಿರುತ್ತವೆ. ಒಂದು ಕೈಕೊಟ್ಟರೂ ಇನ್ನೊಂದು ಸ್ವಲ್ಪ ಹೊತ್ತು ಹೊರುತ್ತದೆ. ಮುಂದೆ ಬದಿಗೊಂದೇ ಟೈರು, ಅದು ಹೋದರೆ ಹೊರುವವರಿಲ್ಲ, ಸ್ಟೀರಿಂಗೂ ಅದರದ್ದೇ. ಎತ್ತರಕ್ಕೆ ಸರಕು ತುಂಬಿದ ಲಾರಿ ಒಣ ರಸ್ತೆಯ ತಿರುವಿನಲ್ಲಿ ಮಿತಿ ಮೀರಿದರೆ ಟೈರು ಜಾರುವ ಮೊದಲೇ ಮಗುಚುತ್ತದೆ. ಕಾರು ಮಗುಚುವ ಮೊದಲು ಜಾರುತ್ತದೆ. ಅಂದರೆ ಲಾರಿಯವರಿಗೆ ಮೊದಲ ಭಯ ಟೈರು ಸಿಡಿಯುವುದು, ಕಾರಿನವರಿಗೆ ಮೊದಲ ಭಯ ಹಿಂಭಾಗ ಸರಿಯುವುದು. ಅಮೆರಿಕದಲ್ಲಿ ಬಸ್ಸುಗಳ ಮುಂದಿನ ಚಕ್ರಕ್ಕೆ ರಿಸೋಲ್ ಟೈರನ್ನು ಕಾನೂನೇ ನಿಷೇಧಿಸಿದೆ.

ರಿಬ್ ಮತ್ತು ಲಗ್ ಎಂಬುದು ಮೇಲ್ಮೈಯ ಕಟ್ಟಿನ ಭೇದ. ಮುಂದೆ ದಾರಿ ಹಿಡಿಯಲು ರಿಬ್, ಹಿಂದೆ ಎಳೆಯಲು ಲಗ್ ಎಂದು ತಯಾರಕರೇ ಆಲೋಚಿಸಿ ಹಂಚಿದ್ದಾರೆ. ನಾವು ಇಲ್ಲಿ ಬೇಡವೆನ್ನುತ್ತಿರುವುದು ಒಳಗಿನ ರಚನೆಯನ್ನು ಮನಬಂದಂತೆ ಬೆರೆಸುವುದನ್ನು. ಜೋಡಿ ಟೈರುಗಳಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಎತ್ತರದ ಟೈರೇ ಭಾರವನ್ನೆಲ್ಲ ಹೊತ್ತು ಬಿಸಿಯಾಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಲಾರಿಮಾಲೀಕ

ಅದು ನಿಜ. ಜೋಡಿ ಹಾಕುವಾಗ ಎತ್ತರ ಅಳೆದೇ ಹಾಕಬೇಕು. ಎರಡರ ನಡುವೆ ಕಲ್ಲು ಸಿಕ್ಕಿದೆಯೇ ಎಂದೂ ನೋಡಬೇಕು. ಒಪ್ಪಿದೆ.

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲಿನ ಕಾನೂನನ್ನು ತಿಳಿಸಿದರೆ ಉಪಯೋಗವಾದೀತು. ಜರ್ಮನಿಯಲ್ಲಿ 3.5 ಟನ್‌ವರೆಗಿನ ಕಾರು ಮತ್ತು ಸಣ್ಣ ವಾಹನಗಳಿಗೆ ಎಲ್ಲವೂ ರೇಡಿಯಲ್ ಇರಬೇಕು, ಇಲ್ಲವೇ ಎಲ್ಲವೂ ಕ್ರಾಸ್-ಪ್ಲೈ ಇರಬೇಕು. ಮುಂದೊಂದು ಬಗೆ ಹಿಂದೊಂದು ಬಗೆ ಎಂಬುದೇ ಇಲ್ಲ. ಬ್ರಿಟನ್ ಸ್ವಲ್ಪ ಸಡಿಲ. ಅಲ್ಲಿ ಒಂದೇ ಆ್ಯಕ್ಸಲ್ಲಿನಲ್ಲಿ ಬೆರೆಸುವಂತಿಲ್ಲ, ಮುಂದೆ ರೇಡಿಯಲ್ ಇಟ್ಟು ಹಿಂದೆ ಕ್ರಾಸ್-ಪ್ಲೈ ಇಡುವಂತಿಲ್ಲ, ಹಿಂದೆ ರೇಡಿಯಲ್ ಇಟ್ಟು ಮುಂದೆ ಕ್ರಾಸ್-ಪ್ಲೈ ಇಡಬಹುದು. ಅಂಬಾಸಿಡರ್‌ನ ಮೂಲವೇ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬುದನ್ನು ನೆನೆದರೆ, ತುಂಗಾತೀರ ಅವರ ತಂದೆಯವರು ಹೇಳಿದ್ದು ಆ ಕಾರು ಹುಟ್ಟಿದ ನಾಡಿನ ಕಾನೂನೇ ಆಗಿದೆ.

ನಮಗೆ ಇಲ್ಲಿ ಬೆರಕೆಯ ಪ್ರಶ್ನೆ ಬರುವುದು ಚಳಿಗಾಲದಲ್ಲಿ. ಹೊಸದಾಗಿ ಬಂದ ನಮ್ಮವರಲ್ಲಿ ಕೆಲವರು, ಎಳೆಯುವ ಚಕ್ರ ಮುಂದಿನದೇ ಅಲ್ಲವೇ, ಚಳಿಗಾಲದ ಟೈರು ಎರಡೇ ಕೊಂಡು ಮುಂದೆ ಹಾಕಿದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ಬೇಸಿಗೆಯ ಟೈರಿನ ರಬ್ಬರು ತಣ್ಣಗಾದಂತೆ ಗಡುಸಾಗುತ್ತದೆ. ಹಿಮದ ಮೇಲೆ ಮುಂಭಾಗ ಚೆನ್ನಾಗಿ ಕಚ್ಚಿ ನಿಲ್ಲುವಾಗ ಹಿಂಭಾಗ ಜಾರಿ ಮುಂದಕ್ಕೇ ಬರಲು ನೋಡುತ್ತದೆ. ಹಿಮವೋ ಮಂಜುಗಡ್ಡೆಯೋ ಇರುವ ರಸ್ತೆಯಲ್ಲಿ ಚಳಿಗಾಲದ ಟೈರು ಕಡ್ಡಾಯ. ಬೆಟ್ಟ ಮತ್ತು ಹಿಮಹರಳಿನ ಚಿಹ್ನೆ ಇರುವ ಟೈರನ್ನೇ ಕೊಳ್ಳಬೇಕು, ಎಂ ಪ್ಲಸ್ ಎಸ್ ಎಂಬ ಗುರುತು ಮಾತ್ರ ಇರುವವಕ್ಕೆ ಕೊಟ್ಟಿದ್ದ ಗಡುವು 2024ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ.

ಎಫ್‌ಝಡ್ ಸವಾರ

ಬೈಕಿನ ವಿಷಯವೂ ಇಲ್ಲೇ ಕೇಳಿಬಿಡುತ್ತೇನೆ. ನನ್ನ ಯಮಹಾ ಎಫ್‌ಝಡ್‌ನಲ್ಲಿ ಮುಂದೆ 100/80-17, ಹಿಂದೆ 140/60 ಆರ್ 17 ಎಂದು ಬರೆದಿದೆ. ಆರ್ ಎಂದರೆ ರೇಡಿಯಲ್ ತಾನೇ? ಹಾಗಾದರೆ ಕಂಪನಿಯವರೇ ಬೆರೆಸಿ ಕೊಟ್ಟಿದ್ದಾರಲ್ಲ!

ಬೋಧಕ

ಹೌದು, ಬೆರೆಸಿಯೇ ಕೊಟ್ಟಿದ್ದಾರೆ. ರೇಡಿಯಲ್ ಯಾವ ಕಡೆಗಿದೆ ಎಂಬುದನ್ನೂ ಗಮನಿಸಿ: ಹಿಂದೆ. ನೀವು ಮುಂದಿನದನ್ನು ಬದಲಿಸುವಾಗ ಅದೇ ಅಳತೆ, ಅದೇ ಬಗೆ ಹಾಕಿಸಿ. ಹಿಂದಿನದರಲ್ಲಿ ಹಣ ಉಳಿಸಲೆಂದು ಕ್ರಾಸ್-ಪ್ಲೈಗೆ ಇಳಿಯಬೇಡಿ. ಕಂಪನಿ ಪರೀಕ್ಷಿಸಿ ಒಪ್ಪಿದ ಜೋಡಿಗೂ ನಾವು ಅಂಗಡಿಯಲ್ಲಿ ನಿಂತು ಮಾಡುವ ಜೋಡಿಗೂ ಇರುವ ಅಂತರ ದೊಡ್ಡದು.

ದಶಪಥ ಪ್ರಯಾಣಿಕ

ನೀರಿನ ಮೇಲೆ ಟೈರು ತೇಲುವ ವಿಷಯವನ್ನು ಯಾರೂ ಹೇಳಲಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಜೋರು ಮಳೆ ಬಂದಾಗ ಕೆಲವು ಕಡೆ ನೀರು ನಿಲ್ಲುತ್ತದೆ, ಅಲ್ಲಿ 100 ಕಿ.ಮೀ. ವೇಗದಲ್ಲಿ ಬರುವವರಿದ್ದಾರೆ. ಪಿಎಸ್‌ಐನಲ್ಲಿರುವ ಗಾಳಿಯ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ತೇಲುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ ಎಂಬ ಸೂತ್ರವಿದೆ. 32 ಪಿಎಸ್‌ಐಗೆ ಸುಮಾರು 51 ನಾಟ್, ಅಂದರೆ ಗಂಟೆಗೆ 94 ಕಿ.ಮೀ. ಆಗುತ್ತದೆ. ಆದ್ದರಿಂದ 94ರ ಒಳಗಿದ್ದರೆ ಯಾವ ಟೈರು ಎಲ್ಲಿದ್ದರೂ ಭಯವಿಲ್ಲ.

ಬೋಧಕ

ಕೊನೆಯ ವಾಕ್ಯವನ್ನು ದಯವಿಟ್ಟು ಯಾರೂ ನಂಬಬೇಡಿ. ಆ ಸೂತ್ರ ವಿಮಾನದ ಟೈರುಗಳ ಪ್ರಯೋಗಗಳಿಂದ ಬಂದದ್ದು. ತೋಡುಗಳ ಆಳಕ್ಕಿಂತ ಹೆಚ್ಚು ನೀರು ನಿಂತಿರುವ ಸ್ಥಿತಿಗೆ ಅದು ಒಂದು ಅಂದಾಜು ಮಾತ್ರ. ಕಾರಿನ ಟೈರು ಎಷ್ಟು ಅಗಲ, ಎಷ್ಟು ಸವೆದಿದೆ, ನೀರು ಎಷ್ಟಿದೆ ಎಂಬುದರ ಮೇಲೆ ಅದಕ್ಕಿಂತ ಕಡಿಮೆ ವೇಗದಲ್ಲೂ ತೇಲಬಹುದು. ಹಿಡಿತ ಪೂರ್ತಿ ತಪ್ಪುವ ಬಹಳ ಮೊದಲೇ ಕಡಿಮೆಯಾಗುತ್ತಾ ಬರುತ್ತದೆ ಎಂಬುದು ಇನ್ನೂ ಮುಖ್ಯ. ಮುಂದಿನ ಹೊಸ ಟೈರು ನೀರನ್ನು ಸೀಳಿಕೊಂಡು ಹೋಗುತ್ತಿರುವಾಗ ಹಿಂದಿನ ಸವೆದ ಟೈರು ಅದೇ ವೇಗದಲ್ಲಿ ತೇಲತೊಡಗಬಹುದು. ನೇರ ರಸ್ತೆಯಲ್ಲೂ ಗಾಡಿ ಸುತ್ತು ತಿರುಗುವುದು ಆಗಲೇ.

ಜೀಪ್ ಮಲೆನಾಡು

ನಾಲ್ಕೂ ಚಕ್ರ ಎಳೆಯುವ ಗಾಡಿಯವರಿಗೆ ಇನ್ನೊಂದು ಕಷ್ಟವಿದೆ. ಹಿಡಿತದ ಜೊತೆಗೆ ಎತ್ತರವೂ ಲೆಕ್ಕಕ್ಕೆ ಬರುತ್ತದೆ. 700 ಮಿ.ಮೀ. ವ್ಯಾಸದ ಟೈರಿನಲ್ಲಿ ಹೊಸದಕ್ಕೂ ಸವೆದದ್ದಕ್ಕೂ ಗ್ರಿಪ್ಪಿನ ಆಳದಲ್ಲಿ 5 ಮಿ.ಮೀ. ವ್ಯತ್ಯಾಸವಿದ್ದರೆ ಸುತ್ತಳತೆಯಲ್ಲಿ ಸುಮಾರು 31 ಮಿ.ಮೀ. ವ್ಯತ್ಯಾಸವಾಗುತ್ತದೆ, ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 14 ಮೀಟರು. ಥಾರ್‌ನಂತಹ ಗಾಡಿಯಲ್ಲಿ ಫೋರ್-ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಟ್ಟಿಗೇ ತಿರುಗಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಆ ವ್ಯತ್ಯಾಸವೆಲ್ಲ ಗೇರುಗಳ ಮೇಲೆ ಬಿಗಿತವಾಗಿ ಕೂರುತ್ತದೆ. ನಮ್ಮ ಕಡೆ ಮುಂದೆ ಸಾಮಾನ್ಯ ಟೈರು, ಹಿಂದೆ ಮಾತ್ರ ಎತ್ತರದ ಮಡ್ ಟೈರು ಹಾಕಿ ಫೋರ್-ವೀಲ್‌ನಲ್ಲಿ ಓಡಿಸುವವರಿದ್ದಾರೆ. ಅವರು ಇದನ್ನು ಓದಬೇಕು.

ರೈತಮಿತ್ರ

ಟ್ರ್ಯಾಕ್ಟರಿನಲ್ಲೂ ಇದೇ. ಫೋರ್-ವೀಲ್ ಟ್ರ್ಯಾಕ್ಟರಿನ ಮುಂದಿನ ಸಣ್ಣ ಚಕ್ರ ಹಿಂದಿನ ದೊಡ್ಡ ಚಕ್ರಕ್ಕಿಂತ ನೆಲದ ಮೇಲೆ ಸ್ವಲ್ಪ ಮುಂದಾಗಿ, ನೂರಕ್ಕೆ ಒಂದರಿಂದ ಐದರಷ್ಟು, ಎಳೆಯುವಂತೆ ಗೇರುಗಳನ್ನು ಹೊಂದಿಸಿರುತ್ತಾರೆ. ಬೇರೆ ಅಳತೆಯ ಟೈರು ಹಾಕಿದರೆ ಆ ಲೆಕ್ಕ ತಪ್ಪಿ ಮುಂದಿನ ಟೈರು ಬೇಗ ತಿಂದುಹೋಗುತ್ತದೆ. ಹಿಂದಿನ ಎರಡು ಬದಲಿಸುವಾಗಲೂ ಮುಂದಿನದರ ಅಳತೆ ನೋಡಿಯೇ ಬದಲಿಸಬೇಕು.

ನಿರ್ವಾಹಕ

ಚರ್ಚೆ ಉಪಯುಕ್ತವಾಗಿದೆ. ಆದರೂ ತುಂಗಾತೀರ ಅವರ ಅಂಬಾಸಿಡರ್‌ಗೆ ಮರಳಿ ಬರೋಣ ಎಂದು ವಿನಂತಿ.

ಹಳೇಗಾಡಿ

ಮೊದಲು ಒಂದೇ ಸಾಲಿನಲ್ಲಿ ಉತ್ತರಿಸಿದ್ದೆ, ಈಗ ವಿವರವಾಗಿ ಬರೆಯುತ್ತೇನೆ. ನನ್ನಲ್ಲೂ ಅಂಬಾಸಿಡರ್ ಮತ್ತು ಪದ್ಮಿನಿ ಎರಡೂ ಇವೆ. ಮುಂದೆ ನೈಲಾನ್, ಹಿಂದೆ ರೇಡಿಯಲ್ ಎಂಬ ಜೋಡಣೆಯನ್ನು ಇಲ್ಲಿ ಎಲ್ಲರೂ ಒಪ್ಪುತ್ತಿದ್ದಾರೆ. ಸ್ಟೆಪ್ನಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಡಿಕ್ಕಿಯಲ್ಲಿರುವುದು ಒಂದೇ ಸ್ಟೆಪ್ನಿ. ಅದು ನೈಲಾನ್ ಆಗಿದ್ದು ಹಿಂದಿನ ರೇಡಿಯಲ್ ಪಂಕ್ಚರ್ ಆದರೆ ಹಿಂದಿನ ಆ್ಯಕ್ಸಲ್ಲಿನ ಒಂದು ಬದಿ ರೇಡಿಯಲ್, ಇನ್ನೊಂದು ಬದಿ ನೈಲಾನ್. ಅದು ರೇಡಿಯಲ್ ಆಗಿದ್ದು ಮುಂದಿನ ನೈಲಾನ್ ಪಂಕ್ಚರ್ ಆದರೆ ಮುಂದಿನ ಆ್ಯಕ್ಸಲ್ಲಿಗೆ ಅದೇ ಗತಿ. ಅತ್ಯಂತ ಕೆಟ್ಟದ್ದೆಂದು ಎಲ್ಲರೂ ಹೇಳಿದ ಜೋಡಣೆಯೇ, ಮಳೆಯಲ್ಲಿ, ಘಾಟಿಯ ಮಧ್ಯೆ, ಪಂಕ್ಚರ್ ಅಂಗಡಿ ಸಿಗುವವರೆಗೆ ನಿಮ್ಮ ಪಾಲಿಗೆ ಬರುತ್ತದೆ. ಎರಡು ಬಗೆ ಇಟ್ಟುಕೊಂಡವರು ಎರಡು ಸ್ಟೆಪ್ನಿ ಇಟ್ಟುಕೊಳ್ಳಬೇಕಾಗುತ್ತದೆ.

ಆದ್ದರಿಂದ ನನ್ನ ಸಲಹೆ, ಸಾಧ್ಯವಾದರೆ ಸ್ಟೆಪ್ನಿಯೂ ಸೇರಿ ಐದನ್ನೂ ಒಂದೇ ಬಗೆಗೆ ತನ್ನಿ. ಒಮ್ಮೆಗೇ ಹಣ ಹೊಂದಿಸಲಾಗದಿದ್ದರೆ, ಕೆಲವು ತಿಂಗಳು ಗಾಡಿಯನ್ನು ಊರೊಳಗಷ್ಟೇ ಓಡಿಸಿ, ಹೊಂದಿಸಿಕೊಂಡ ಮೇಲೆ ಐದನ್ನೂ ಹಾಕಿಸಿ ಘಾಟಿಗೆ ಇಳಿಯಿರಿ.

ಹಾಸನದ ಟೈರ್ ಅಂಗಡಿ

ಸ್ಟೆಪ್ನಿಯ ಮಾತು ತೂಕದ್ದು. ರಚನೆ ಬೇರೆಯಾದಾಗ ರೇಡಿಯಲ್ ಹಿಂದೆ ಎಂಬುದನ್ನು ಒಪ್ಪುತ್ತೇನೆ. ಎಲ್ಲವೂ ರೇಡಿಯಲ್ ಇರುವ ಗಾಡಿಯಲ್ಲಿ, ಸವೆತದ ಅಂತರ ಅಲ್ಪವಿದ್ದಾಗ, ಹೊಸದು ಮುಂದಿದ್ದರೂ ಆಕಾಶ ಕಳಚಿ ಬೀಳದು ಎಂಬ ನನ್ನ ಮಾತು ಹಾಗೆಯೇ ಇದೆ. ಸಕಾಲಕ್ಕೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸುತ್ತಾ ಬಂದರೆ ನಾಲ್ಕೂ ಸಮವಾಗಿ ಸವೆದು ಈ ಪ್ರಶ್ನೆಯೇ ಏಳುವುದಿಲ್ಲ. ಅದನ್ನು ಹೇಳಿದರೆ ಗ್ರಾಹಕರು ನಮ್ಮ ವ್ಯಾಪಾರದ ಮಾತೆಂದು ತಿಳಿಯುತ್ತಾರೆ.

ರೇಡಿಯಲ್‌ಗೆ ಹೋಗುವ ಹಳೆಯ ಗಾಡಿಯವರಿಗೆ ಅಂಗಡಿಯ ಕಡೆಯಿಂದ ಕೆಲವು ಮಾತು. ಹಳೆಯ ರಿಮ್ಮಿನ ಒಳ ಅಂಚಿನಲ್ಲಿ ಟೈರನ್ನು ಹಿಡಿದಿಡುವ ಹಂಪ್ ಎಂಬ ಉಬ್ಬು ಇದೆಯೇ ಎಂದು ನೋಡಿಸಿ. ಇಲ್ಲದಿದ್ದರೆ ಟ್ಯೂಬ್‌ಲೆಸ್ ಆಗಿ ಓಡಿಸಬೇಡಿ, ರೇಡಿಯಲ್‌ಗೆ ಎಂದೇ ಮಾಡಿದ ಟ್ಯೂಬ್ ಹಾಕಿಸಿ. ತುಕ್ಕು ಹಿಡಿದ ರಿಮ್ಮನ್ನು ಉಜ್ಜಿ ಬಣ್ಣ ಹೊಡೆಸಿದ ಮೇಲೆಯೇ ಹೊಸ ಟೈರು ಕೂರಿಸಿ. 5.90 ಎಂಬುದು ಅಂಗುಲದ ಲೆಕ್ಕ, ಸುಮಾರು 150 ಮಿ.ಮೀ. ಅಗಲ. ಆ ಕಾಲದ ಟೈರಿನ ಗೋಡೆಯ ಎತ್ತರ ಅಗಲಕ್ಕೆ ಸಮೀಪವಿರುತ್ತಿತ್ತು. ಈಗಿನ 65 ಅಥವಾ 70 ಸರಣಿಯ, ಅಂದರೆ ಗೋಡೆಯ ಎತ್ತರ ಅಗಲದ ನೂರಕ್ಕೆ 65 ಅಥವಾ 70ರಷ್ಟೇ ಇರುವ ಟೈರು ಹಾಕಿದರೆ ಗಾಡಿ ಕುಳ್ಳಗಾಗಿ ಸ್ಪೀಡೋಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಆದ್ದರಿಂದ ಸುತ್ತಳತೆ ಹೊಂದಿಸಿಯೇ ಆರಿಸಿ. ರೇಡಿಯಲ್‌ನ ಪಕ್ಕ ಸ್ವಲ್ಪ ಉಬ್ಬಿದಂತೆಯೇ ಕಾಣುವುದು, ಅದನ್ನು ನೋಡಿ ಗಾಳಿ ಕಡಿಮೆಯೆಂದು ಹೆಚ್ಚು ಹೊಡೆಸಬೇಡಿ, ಮೀಟರು ನೋಡಿ ಹೊಡೆಸಿ.

ಬೋಧಕ

ಗಾಳಿಯ ಮಾತು ಬಂದದ್ದು ಒಳ್ಳೆಯದಾಯಿತು. ಮುಂದಿನ ಮತ್ತು ಹಿಂದಿನ ಆ್ಯಕ್ಸಲ್ಲುಗಳ ಹೊಂದಾಣಿಕೆಯನ್ನು ಗಾಳಿಯೂ ಕೆಡಿಸಬಲ್ಲದು. ಹಿಂದೆ ಎಂಜಿನ್ ಇದ್ದ 1960ರ ಷೆವರ್ಲೆ ಕಾರ್ವೇರ್ ಕಾರಿಗೆ ಮುಂದೆ 15, ಹಿಂದೆ 26 ಪಿಎಸ್‌ಐ ಗಾಳಿಯನ್ನು ಕಂಪನಿ ಹೇಳಿತ್ತು. ಹಿಂಭಾಗ ಸರಿಯದಿರಲಿ ಎಂದೇ ಅಷ್ಟು ಅಂತರ. ಗೊತ್ತಿಲ್ಲದವರು ಎಲ್ಲದಕ್ಕೂ ಸಮ ಗಾಳಿ ತುಂಬಿಸಿದರೆ ಆ ಹೊಂದಾಣಿಕೆಯೇ ಹೋಗುತ್ತಿತ್ತು. ಟೈರು ನಾಲ್ಕೂ ಒಂದೇ ಆಗಿದ್ದರೂ ಮುಂದೆ ಹಿಂದೆ ಎಷ್ಟು ಗಾಳಿ ಎಂಬುದನ್ನು ಗಾಡಿಯ ಪುಸ್ತಕ ನೋಡಿ ಹಾಕಿಸಬೇಕು.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಐದೂ ರೇಡಿಯಲ್ ಹಾಕಿಸುವುದೆಂದು ತೀರ್ಮಾನವಾಗಿದೆ. ಅಲ್ಲಿಯವರೆಗೆ ಗಾಡಿ ಶಿವಮೊಗ್ಗ ಬಿಟ್ಟು ಹೊರಡುವುದಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಾದ್ದರಿಂದ ನಿಂತಲ್ಲಿ ತಿರುಗಿಸುವಾಗ ಭಾರವಾಗುತ್ತದೆಯೇ ಎಂಬ ಒಂದು ಚಿಂತೆ ಮಾತ್ರ ತಂದೆಯವರಿಗಿದೆ.

ಹಳೇಗಾಡಿ

ನಿಂತಲ್ಲಿ ತಿರುಗಿಸುವಾಗ ಸ್ವಲ್ಪ ಭಾರವೆನಿಸುತ್ತದೆ. ಗಾಡಿ ಮೆಲ್ಲಗೆ ಚಲಿಸುತ್ತಿರುವಾಗಲೇ ತಿರುಗಿಸುವ ಅಭ್ಯಾಸ ಮಾಡಿಕೊಂಡರೆ ಕಷ್ಟವಿಲ್ಲ. ಟೈರು ಹಾಕಿಸಿದ ದಿನವೇ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಿ.

ರೈತಮಿತ್ರ

ಬಿಚ್ಚಿದ ಎರಡು ಒಳ್ಳೆಯ ನೈಲಾನ್ ಟೈರು ಏನು ಮಾಡುತ್ತೀರಿ? ನಮ್ಮಲ್ಲಿ ಎತ್ತಿನ ಟೈರ್ ಗಾಡಿಗೆ ಬೇಕಾಗಿದೆ. ಎತ್ತಿನ ವೇಗಕ್ಕೆ ಅವು ಇನ್ನೂ ಎಷ್ಟೋ ಕಾಲ ಬರುತ್ತವೆ.

ಹಾಸನದ ಟೈರ್ ಅಂಗಡಿ

ಕೊಡುವ ಮೊದಲು ಪಕ್ಕದ ಗೋಡೆಯಲ್ಲಿ ಬಿರುಕು ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ತಯಾರಾದ ದಿನಾಂಕವನ್ನೂ ಓದಿ. ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿದ್ದರೆ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 0915 ಎಂದಿದ್ದರೆ 2015ರ ಒಂಬತ್ತನೆಯ ವಾರ. ನೀವು ಕೊಳ್ಳುವ ಹೊಸ ಐದು ಟೈರುಗಳಲ್ಲೂ ಇದನ್ನು ಓದಿಯೇ ಹಣ ಕೊಡಿ, ಐದೂ ಆದಷ್ಟು ಹತ್ತಿರದ ವಾರಗಳವಾಗಿರಲಿ.

ತುಂಗಾತೀರ

ಹಾಗೆಯೇ ಮಾಡುತ್ತೇನೆ. ರೈತಮಿತ್ರರೇ, ಬಿರುಕಿಲ್ಲದಿದ್ದರೆ ಎರಡೂ ಟೈರು ನಿಮಗೇ. ಖಾಸಗಿ ಸಂದೇಶದಲ್ಲಿ ವಿಳಾಸ ಕಳುಹಿಸಿ.